ಗುಂಡಿ ಡಬ್ಬಿಯಲ್ಲಿ ಅರ್ಧ ಮಾತ್ರೆ

ಟೈಲರನಿಗೆ ಬಟ್ಟೆ ಉಳಿಸುವ ಹುಚ್ಚು. ಒಂದು ಅಂಗಿಯ ಬಟ್ಟೆಯಲ್ಲಿ ಅಂಗಿಯನ್ನೂ ಹೊಲಿದು, ಮಗುವಿಗೊಂದು ಟೋಪಿಯನ್ನೂ ಮಾಡಿಕೊಡುವ ಮನುಷ್ಯ. ಹೆಂಡತಿಗೆ ಒಳಗೊಳಗೇ ಹೆಮ್ಮೆ. ಬಿಳಿ ಗುಂಡಿ ಹುಡುಕಲು ಡಬ್ಬಿಗೆ ಕೈ ಹಾಕಿದ ದಿನ ಆ ಹೆಮ್ಮೆ ಜರ್ರನೆ ಇಳಿಯಿತು. ಗುಂಡಿಗಳ ನಡುವೆ ಅರ್ಧರ್ಧ ಮಾತ್ರೆಗಳು! ಗಂಡನ ಎಚ್‌ಐವಿ ಮಾತ್ರೆಗಳು.

"ಇದೇನ್ರೀ ಇದು?"

ಟೈಲರ್ ಮೆಷಿನ್ ನಿಲ್ಲಿಸಿದ. "ಪುಕ್ಕಟೆ ಮಾತ್ರೆ ಎಷ್ಟು ದಿನ ಕೊಟ್ಟಾರು? ನಾಳೆ ಕೈ ಎತ್ತಿಬಿಟ್ರೆ? ಅದಕ್ಕೇ ದಿನಾ ಅರ್ಧ ಉಳಿಸ್ತಿದೀನಿ."

"ಮಾತ್ರೆ ಉಳಿಸಿ ನಿಮ್ಮನ್ನ ಕಳ್ಕೊಂಡ್ರೆ ನಾನೇನ್ ಮಾಡ್ಲಿ?" ಎಂದವಳೇ ಅಂಗಡಿಗೆ ಬೀಗ ಹಾಕಿ, ಡಬ್ಬಿಯ ಸಮೇತ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ನರ್ಸಮ್ಮ ಡಬ್ಬಿ ನೋಡಿ ತಲೆ ಚಚ್ಚಿಕೊಂಡರು. "ಅಣ್ಣಾ, ಒಂದೇ ತೋಳಿನ ಅಂಗಿ ಹೊಲಿದುಕೊಡ್ತೀರಾ? ಅರ್ಧ ಮಾತ್ರೆಗೆ ವೈರಸ್ ಬಗ್ಗಲ್ಲ. ಆಮೇಲೆ ಇಡೀ ಮಾತ್ರೆಗೂ ಜಗ್ಗದ ಹಾಗೆ ಬಲೀಬಹುದು."

"ಆದ್ರೂ ಅಕ್ಕಾ, ಬೇರೆಯವರ ದಾನ ನಂಬ್ಕೊಂಡು ಹೇಗೆ ಬದುಕೋದು?"

"ದಾನ ಅಂತ ಯಾರು ಹೇಳಿದ್ದು? ಕೆಲವು ದೇಶಗಳಲ್ಲಿ ಈ ಮಾತ್ರೇನ ತೆರಿಗೆ ಹಣದಿಂದ ಸರ್ಕಾರ ಕೊಡುತ್ತೆ. ಕೆಲವು ಕಡೆ ಸಂಬಳದಲ್ಲಿ ಹಿಡಿದ ವಿಮೆ ಹಣದಿಂದ ಬರುತ್ತೆ. ಕೈಲಾಗದ ದೇಶಗಳಿಗೆ ಬೇರೆ ದೇಶಗಳು ಸೇರಿ ನಿಧಿ ಕೂಡಿಸ್ತಾವೆ. ಕೆಲವರು ಸ್ವಲ್ಪ ಕೈಯಿಂದಲೂ ಹಾಕಬೇಕಾಗುತ್ತೆ. ನಮ್ಮಲ್ಲಿ ತೆರಿಗೆ ಹಣ."

"ನಾನೆಲ್ಲಿ ತೆರಿಗೆ ಕಟ್ಟಿದೆ?"

"ನೂಲು, ಗುಂಡಿ, ಮೆಷಿನ್ ಎಣ್ಣೆ ಕೊಳ್ತೀರಲ್ಲ, ಅದರ ಬೆಲೆಯಲ್ಲೇ ತೆರಿಗೆ ಸೇರಿರುತ್ತೆ. ಈ ಮಾತ್ರೆಯಲ್ಲಿ ನಿಮ್ಮ ಪಾಲೂ ಇದೆ."

ಟೈಲರ್ ಹೆಂಡತಿಯ ಮುಖ ನೋಡಿದ. "ನಂದೇ ಬಟ್ಟೆಯನ್ನ ನಾನೇ ಹಾಳು ಮಾಡ್ತಿದ್ನಲ್ಲೇ!" ಎಂದು ನಾಚಿ ನಕ್ಕ.

"ಮಾತ್ರೆ ಬರೋದು ತಡವಾದ್ರೆ ಮೊದಲೇ ನಮಗೆ ಹೇಳಿ, ದಾರಿ ಹುಡುಕೋಣ. ಕತ್ತರಿ ಮಾತ್ರ ಹಾಕ್ಬೇಡಿ," ಎಂದು ನರ್ಸಮ್ಮ ರಕ್ತಪರೀಕ್ಷೆಗೆ ಕಳುಹಿಸಿದರು. ಅದೃಷ್ಟಕ್ಕೆ ವೈರಸ್ ಇನ್ನೂ ಬಲಿತಿರಲಿಲ್ಲ. ತಪ್ಪದೆ ಇಡೀ ಮಾತ್ರೆ ನುಂಗಿದ ಮೇಲೆ, ಕೆಲವು ತಿಂಗಳಲ್ಲಿ ಪೂರಾ ಹತೋಟಿಗೆ ಬಂತು.

ಈಗಲೂ ಟೈಲರ್ ಬಟ್ಟೆ ಉಳಿಸುತ್ತಾನೆ. ಡಬ್ಬಿಯಲ್ಲಿ ಗುಂಡಿಗಳು ಮಾತ್ರ ಇವೆ. ಆದರೂ ಹೆಂಡತಿ ಆಗಾಗ ಅದನ್ನು ಅಲ್ಲಾಡಿಸಿ ನೋಡುತ್ತಾಳೆ, ಅವನು ನಗುತ್ತಾನೆ.

ನಿಮ್ಮ ಮನೆಯಲ್ಲೂ ಯಾರಾದರೂ ಮಾತ್ರೆ ಉಳಿಸುತ್ತಿದ್ದಾರೆಯೇ? ಬೈಯಬೇಡಿ, ಜೊತೆಗೆ ಆಸ್ಪತ್ರೆಗೆ ನಡೆಯಿರಿ. ಚಿಕಿತ್ಸೆಯ ಖರ್ಚು ಯಾರು ಕೊಡುತ್ತಾರೆಂದು ಸಂಕೋಚವಿಲ್ಲದೆ ಕೇಳಿ. ಮಾತ್ರೆಯನ್ನು ಉಳಿಸಬೇಡಿ, ಮನುಷ್ಯನನ್ನು ಉಳಿಸಿಕೊಳ್ಳಿ.