ಅಂಚಿನಲ್ಲಿ ಹಸಿರು ಶಾಯಿ

"ಆಂಟಿ, ಅಂಕಲ್ ಬಗ್ಗೆ ಏನಾದ್ರೂ ಒಂದು ಹೇಳಿ. ಅವ್ರದ್ದೇ ಅನ್ನೋಂಥದ್ದು," ಎಂದು ಕೇದಾರ್ ಕೇಳುವಾಗ ಕಮಲಾ ಗಂಡನ ಕೋಟಿನ ಮೇಲಿನ ಗುಂಡಿ ಹಾಕುತ್ತಿದ್ದರು. ಪೆಟ್ಟಿಗೆಯೊಳಗೆ ಮೃತ್ಯುಂಜಯ, ಬದುಕಿದ್ದಾಗಿನಂತೆಯೇ, ಯಾರಿಗೂ ತೊಂದರೆ ಕೊಡದೆ ಮಲಗಿದ್ದರು.

"ಈ ಕ್ರೆಮಟೋರಿಯಂ ಹಾಲ್ ನಮಗೆ ನಲವತ್ತೇ ನಿಮಿಷ. 'ತುಂಬಾ ಒಳ್ಳೆಯವರು' ಅಂತ ಬರ್ಕೊಂಡಿದೀನಿ. ಮುಂದೆ ಏನು ಹೇಳ್ಲಿ?"

ಕಮಲಾಗೆ ಏನೂ ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವರಿಗೇ ಹೊಳೆಯದ್ದು, ಯುಗಾದಿಗೊಮ್ಮೆ ಕನ್ನಡಕೂಟದಲ್ಲಿ ಸಿಗುವ ಹುಡುಗನಿಗೆ ಎಲ್ಲಿಂದ ಹೊಳೆಯಬೇಕು! ಆದರೂ ಅವರ ಆಸೆ ಅದೊಂದೇ: ಬೆಂಕಿಗೆ ಕೊಡುವ ಮೊದಲು ಯಾರಾದರೂ ಈ ಮನುಷ್ಯನದೇ ಆದ ಒಂದು ಮಾತು ಹೇಳಲಿ.

ಎಲ್ಲಿತ್ತು ಅಂಥ ಮಾತು? ಬೆಂಗಳೂರಿನ ಸಚಿವಾಲಯದಲ್ಲಿ ಹನ್ನೆರಡು ವರ್ಷ ಕಡತ ಹೊತ್ತವರು, ನ್ಯೂಜಿಲೆಂಡಿನ ವೆಲಿಂಗ್ಟನ್ನಿಗೆ ಬಂದು ಒಂದು ಇಲಾಖೆಯಲ್ಲಿ ಮತ್ತದನ್ನೇ ಮಾಡಿದರು. ಜನ ಮಂತ್ರಿಗೆ ಪತ್ರ ಬರೆಯುತ್ತಿದ್ದರು, ಉತ್ತರ ಇವರು ಬರೆಯುತ್ತಿದ್ದರು, ರುಜು ಮಂತ್ರಿಯದು. ನಡುವೆ ಐದು ಮೇಜು. ಒಂದೊಂದು ಮೇಜಿನಲ್ಲೂ ಒಂದೊಂದು ಸಾಲು ಹಾರಿಹೋಗಿ, 'ನಿಮ್ಮ ಪತ್ರ ತಲುಪಿದೆ' ಎನ್ನುವಷ್ಟು ಉಳಿದರೆ ಪುಣ್ಯ. ಬೆಂಗಳೂರಿನಲ್ಲಿ ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳ ಸೊತ್ತು. ಇಲ್ಲಿ ಕೇಳುವವರಿಲ್ಲವೆಂದು ಬಂದ ವಾರವೇ ಒಂದು ಹಸಿರು ಪೆನ್ನು ಕೊಂಡಿದ್ದರು. ಬದುಕಿನಲ್ಲಿ ಮಾಡಿದ ದರ್ಬಾರು ಅಷ್ಟೇ. ಆ ಪೆನ್ನು ಈಗಲೂ ಕೋಟಿನ ಜೇಬಿನಲ್ಲಿತ್ತು. ಕಮಲಾ ಅದನ್ನು ಅಲ್ಲೇ ಬಿಟ್ಟರು.

ಅರವತ್ತು ಕುರ್ಚಿಗೆ ಹತ್ತೊಂಬತ್ತು ಜನ. ಕೇದಾರ್ ಒಳ್ಳೆಯವರು ಎಂದ. ಪಕ್ಕದ ಮನೆಯಾತ ಗದ್ದಲವಿಲ್ಲದ ನೆರೆಯವರು ಎಂದ. ಮಗಳು ಪೂರ್ವಿ, "ಡ್ಯಾಡ್ ವಾಸ್ ನೆವರ್ ಲೇಟ್," ಎಂದವಳೇ ಅತ್ತುಬಿಟ್ಟಳು. ಕಮಲಾ ಹಿಂತಿರುಗಿ ಖಾಲಿ ಕುರ್ಚಿಗಳನ್ನು ನೋಡಿದರು. ಅಯ್ಯೋ, ಇಷ್ಟೇನಾ?

*

ಐದು ವರ್ಷದ ಹಿಂದಿನ ಸಂಜೆ. ವೆಲಿಂಗ್ಟನ್ ಹತ್ತಿರದ ಅಪ್ಪರ್ ಹಟ್‌ನ ಮನೆಯ ಅಡುಗೆಮನೆಯಲ್ಲಿ, ಕಾಫಿ ಲೋಟದ ಪಕ್ಕ ಒಂದು ಕರಡು ಇಟ್ಟುಕೊಂಡು ಮೃತ್ಯುಂಜಯ ಕೇಳಿದ್ದರು. "ಕಮಲಾ, ನೌಕರ ತೀರಿಕೊಂಡ್ರೆ ಅವ್ರ ಮನೆಯವ್ರಿಗೆ ಕಳ್ಸೋಕೆ ಒಂದು ಪತ್ರ ಮಾಡು ಅಂದಿದಾರೆ. ಗಂಡ ಹೋದ ಹೆಂಗಸಿಗೆ ಏನು ಬರೀಬೇಕು?"

"ಬಿಡ್ತು ಅನ್ನಿ! ನನ್ನ ಕೇಳೋ ಪ್ರಶ್ನೆನಾ ಇದು?"

ಆದರೂ ಒಲೆ ಒರೆಸುತ್ತ ಹೇಳಿದ್ದರು. "ಧೈರ್ಯ ತಂದ್ಕೊಳ್ಳಿ ಗೀರ್ಯ ತಂದ್ಕೊಳ್ಳಿ ಅಂತ ಬರೀಬೇಡಿ. ಸಂಜೆ ಗಂಡ ಬರೋ ರೈಲಿನ ಸದ್ದಾದ್ರೆ ಕೈ ತಾನಾಗೇ ಎರಡು ಲೋಟ ತೆಗ್ಯತ್ತೆ. ಎರಡನೇದನ್ನ ಎತ್ತಿಡೋಕೆ ಅವಸರ ಮಾಡ್ಬೇಡಿ ಅಂತ ಬರೀರಿ."

ಅವರು ಬರೆದುಕೊಂಡರು. ತಿಂಗಳಾದ ಮೇಲೆ ಆ ಪತ್ರ ಏನಾಯಿತೆಂದು ಕಮಲಾ ಕೇಳಿದರು.

"ಕೆಂಪು ಗೆರೆ ಎಳೆದು ವಾಪಸ್ ಕಳ್ಸಿದ್ರು."

"ನೀವೇನಂದ್ರಿ?"

"ನಾನೇನನ್ನಲಿ."

ಕಮಲಾಗೆ ಮೈ ಉರಿಯಿತು. "ಜನ್ಮದಲ್ಲಿ ಒಂದ್ಸಲನಾದ್ರೂ ಬಾಯಿ ಬಿಡ್ರೀ!"

ಅವರು ಕಾಫಿ ಲೋಟ ತೊಳೆಯಲು ಎದ್ದರು. ಅಂದಿನಿಂದ ಕಮಲಾ ಆಫೀಸಿನ ಸುದ್ದಿ ಎತ್ತಲಿಲ್ಲ.

*

ಹಾಲಿನಲ್ಲಿ ಕೊನೆಗೆ ಎದ್ದವರು ಮೃತ್ಯುಂಜಯರ ಮೇಲಧಿಕಾರಿ ಜೂಡಿತ್. ಇಲಾಖೆಯ ಸಂತಾಪ ಪತ್ರವನ್ನು ಇಂಗ್ಲಿಷಿನಲ್ಲಿ ಓದತೊಡಗಿದರು. ಸೇವೆ, ನಿಷ್ಠೆ, ಎಲ್ಲ ಮಾಮೂಲಿ. ಕಮಲಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಅಷ್ಟರಲ್ಲಿ ಮೂರನೆಯ ಪ್ಯಾರಾ ಬಂತು: ಸಂಜೆ ನಿಮ್ಮ ಕೈ ತಾನಾಗಿ ಎರಡನೆಯ ಲೋಟವನ್ನು ತೆಗೆದಿಟ್ಟೀತು. ಅದನ್ನು ಎತ್ತಿಡಲು ಅವಸರಪಡಬೇಡಿ.

ಕಮಲಾ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಓದಿ ಮುಗಿಸಿದ ಜೂಡಿತ್ ನೇರವಾಗಿ ಕಮಲಾ ಬಳಿ ಬಂದು ಕುಳಿತರು. "ಈ ಸಾಲನ್ನು ಹೊಡೆದು ಹಾಕಿದವಳು ನಾನೇ. ಸರ್ಕಾರ ಹೀಗೆಲ್ಲ ಮಾತಾಡುವುದಿಲ್ಲ ಅಂದೆ. ಸುಮ್ಮನೆ ತೆಗೆದುಕೊಂಡು ಹೋದರು. ಮಾರನೇ ವಾರ ಕರಡು ಬಂದರೆ ಸಾಲು ಅಲ್ಲೇ ಇತ್ತು. ನಾಲ್ಕು ಸಲ ಹೊಡೆದೆ, ನಾಲ್ಕು ಸಲವೂ ಉಳಿಸಿಕೊಂಡು ಬಂದರು. ಯಾಕೆ ಅಂತ ಕೇಳಿದ್ದಕ್ಕೆ, ಗೊತ್ತಿರುವವರು ಹೇಳಿದ್ದು ಅಂದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನೆದುರು ನಿಂತದ್ದು ಅದೊಂದೇ ಸಲ. ಅಂದಿನಿಂದ ಹನ್ನೊಂದು ಮನೆಗೆ ಈ ಪತ್ರ ಹೋಗಿದೆ."

ಚೀಲದಿಂದ ಹಳೆಯ ಕರಡೊಂದನ್ನು ತೆಗೆದು ಕೊಟ್ಟರು. ಆ ಸಾಲಿನ ಮೇಲೆ ಕೆಂಪು ಗೆರೆಗಳು; ಅಂಚಿನಲ್ಲಿ ನಾಲ್ಕು ಕಡೆ ಹಸಿರು ಶಾಯಿ. "ಪ್ರತಿ ಸಲವೂ ಸಹಿ ಹಾಕುತ್ತಿದ್ದರು. ಚೆಂದದ ಸಹಿ, ಅಲ್ಲವೇ?"

ಕಮಲಾ ಕನ್ನಡಕ ಏರಿಸಿ ನೋಡಿದರು. ಅದು ಸಹಿಯಾಗಿರಲಿಲ್ಲ. ಸಚಿವಾಲಯದ ಅಭ್ಯಾಸ ಬಿಡದ ಗುಂಡನೆಯ ಕನ್ನಡ ಅಕ್ಷರ: ಇರಲಿ. ಇರಲಿ. ಇರಲಿ. ನಾಲ್ಕನೆಯದನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ ಕಾಗದ ತೂತಾಗಿತ್ತು.

"ಅಯ್ಯೋ ನನ್ನ ದೊರೆಯೇ, ನನಗೊಂದು ಮಾತು ಹೇಳಬಾರದಿತ್ತೇ!" ಎಂದು ಕಮಲಾ ಜೋರಾಗಿಯೇ ಅತ್ತರು. ಕೇದಾರ್ ಓಡಿಬಂದ. ಅಷ್ಟರಲ್ಲಿ ನಲವತ್ತು ನಿಮಿಷ ಮುಗಿದಿತ್ತು. ಮುಂದಿನ ಅಂತ್ಯಕ್ರಿಯೆಯವರ ಕಾರುಗಳು ಹೊರಗೆ ಬಂದು ನಿಂತಿದ್ದವು.

*

ಸಂಜೆ ಪೂರ್ವಿ ಅಡುಗೆಮನೆ ಸರಿಮಾಡುತ್ತಿದ್ದಳು. ದೂರದಲ್ಲಿ ರೈಲು ಬಂದು ನಿಂತ ಸದ್ದು ಕೇಳಿಸಿತು. ಕಮಲಾ ಎದ್ದು ಹೋಗಿ ಕಾಫಿಗೆ ನೀರಿಟ್ಟು, ಎರಡು ಸ್ಟೀಲ್ ಲೋಟ ತೆಗೆದಿಟ್ಟರು. ಕಾಫಿ ಕುಡಿಯದ ಪೂರ್ವಿ ಒಂದು ಗಳಿಗೆ ನೋಡಿ, ಮೆಲ್ಲಗೆ ಎರಡನೆಯದನ್ನು ಎತ್ತಿಡಲು ಕೈ ಹಾಕಿದಳು.

"ಇರಲಿ," ಎಂದರು ಕಮಲಾ.

ಪೂರ್ವಿಯ ಕೈ ಲೋಟದ ಮೇಲೇ ನಿಂತಿತು.