ಕೆಳಗಣ್ಣಿನ ಮುಚ್ಚಳ

ನಾನು ಒಂದು ಕ್ಯಾಮೆರಾ. ನನಗೆ ಎರಡು ಕಣ್ಣು. ನಿಮ್ಮ ಹಾಗೆ ಅಕ್ಕಪಕ್ಕದಲ್ಲಲ್ಲ, ಒಂದರ ಕೆಳಗೊಂದು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಉಳಿಸಿಕೊಳ್ಳುವುದಕ್ಕೆ. ಮೇಲುಗಣ್ಣು ಕಂಡದ್ದು ನನ್ನ ನೆತ್ತಿಯ ಗಾಜಿನಲ್ಲಿ ಮೂಡಿ ಹಾಗೇ ಅಳಿಸಿಹೋಗುತ್ತದೆ. ಕೆಳಗಣ್ಣಿನೊಳಗೆ ಹೊಕ್ಕ ಬೆಳಕು ಮಾತ್ರ ಫಿಲ್ಮಿನ ಮೇಲೆ ನಿಲ್ಲುತ್ತದೆ.

ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ನನ್ನ ತಿರುಪುಗಳನ್ನು ಬಿಗಿದ ಹೆಂಗಸಿನ ಮುಖ ಮರೆತಿದೆ, ಬೆರಳ ತುದಿಯ ಬಿಸುಪು ಮರೆತಿಲ್ಲ. ಹಡಗು ಹತ್ತಿ ಬಂದು ಕೋಲಾರದ ಗಣಿಯ ಇಂಜಿನಿಯರೊಬ್ಬರ ಕೊರಳಲ್ಲಿ ಆರು ವರ್ಷ ತೂಗಾಡಿದೆ. ಆಮೇಲೆ ಮೈಸೂರಿನ ಒಂದು ಸ್ಟುಡಿಯೋ. ಅಲ್ಲಿ ಮದುವೆಯ ಜೋಡಿಗಳನ್ನೂ ಪದವಿಯ ಕಪ್ಪು ನಿಲುವಂಗಿಗಳನ್ನೂ ನೋಡಿ ನೋಡಿ ಬೇಸತ್ತಿದ್ದೆ. ಸ್ಟುಡಿಯೋ ಮುಚ್ಚಿದ ದಿನ ಯಜಮಾನರು ನನ್ನನ್ನು ತಮ್ಮ ಸಹಾಯಕನ ಕೈಗಿತ್ತರು. ಅವನೇ ತಿರುನಾರಾಯಣ, ಎಲ್ಲರ ಬಾಯಲ್ಲಿ ನಾಣಿ. ಮೂವತ್ತರ ಹರೆಯ, ಮಾತು ಕಡಿಮೆ, ತಾಳ್ಮೆ ಜಾಸ್ತಿ.

ಒಂದು ಭಾನುವಾರ ಅರಮನೆಯ ಮುಂದೆ ಹಳೆಯ ಕಾರುಗಳ ಮೆರವಣಿಗೆ ನಡೆಯಿತು. ದೊಡ್ಡ ದೊಡ್ಡ ಕಾರುಗಳ ನಡುವೆ ಸೂರಿಲ್ಲದ, ಎರಡೇ ಸೀಟಿನ, ನೆಲಕ್ಕಂಟಿದಂಥ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಅದರ ಯಜಮಾನರು ತಮ್ಮ ಬೆವರನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ಜೇಬಿನ ಮಡಿ ಕರವಸ್ತ್ರದಿಂದ ಕಾರಿನ ದೀಪ ಒರೆಸುತ್ತಿದ್ದರು. ನಾಣಿ ಅದನ್ನು ನೋಡಿಬಿಟ್ಟ. ಅಂದಿನಿಂದ ನಮ್ಮ ಬದುಕಿನ ದಾರಿಯೇ ಬೇರೆಯಾಯಿತು. ಕೊಯಮತ್ತೂರು, ಬೆಂಗಳೂರು, ಮಡಿಕೇರಿ, ಎಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿದ್ದರೂ ನಾವು ಹೋದೆವು.

ನನ್ನನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ನೆತ್ತಿಯ ಗಾಜು ನೋಡಬೇಕು. ನಾಣಿಯ ಹೆಂಡತಿ ಕನಕವಲ್ಲಿ ಇದನ್ನು ಆಡಿಕೊಳ್ಳುತ್ತಿದ್ದರು: "ನಮ್ಮಪ್ಪನ ಮುಂದೆ ಒಂದಿನ ತಲೆ ಬಗ್ಗಿಸಿದೋರಲ್ಲ. ಕಾರು ಅನ್ನೋ ತಗಡಿನ ಡಬ್ಬಿ ಕಂಡ್ರೆ ನೋಡಿ, ಎಷ್ಟು ವಿನಯ!"

"ನಿಮ್ಮಪ್ಪ ಇಷ್ಟು ಹೊಳೀತಿರಲಿಲ್ಲ ಕಣೆ," ಎನ್ನುತ್ತಿದ್ದ ನಾಣಿ.

ಅವನದೊಂದು ಪದ್ಧತಿಯಿತ್ತು. ನನ್ನ ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೊಂದು ಕಾರಿಗೆ, ಕೊನೆಯದು ಯಜಮಾನರಿಗೆ. ಅದನ್ನು ತೆಗೆಯುವಾಗ ನಗಿ ಎನ್ನುತ್ತಿರಲಿಲ್ಲ. "ಗಾಡಿ ಸ್ಟಾರ್ಟ್ ಮಾಡಿ ಸಾರ್, ಇಳಿದು ಪಕ್ಕ ನಿಂತ್ಕೊಳ್ಳಿ," ಎನ್ನುತ್ತಿದ್ದ. ಇಂಜಿನ್ ಮೊದಲು ಕೆಮ್ಮಿ, ಆಮೇಲೆ ಒಂದೇ ಸಮನೆ ಗುಣುಗುಡಲು ಶುರುವಾಗುತ್ತಿತ್ತು. ಆಗ ಎಂಥ ಗಡಸು ಮುಖವೂ ಸಡಿಲವಾಗುತ್ತಿತ್ತು, ಕೈ ತಾನಾಗಿ ಕಾರಿನ ಬಾಗಿಲ ಮೇಲೆ ಹೋಗಿ ಕೂರುತ್ತಿತ್ತು. ನಾಣಿ ಅದಕ್ಕೇ ಕಾಯುತ್ತಿದ್ದ. ಕ್ಲಿಕ್.

ಊರೂರು ತಿರುಗಿ ನನಗೂ ವಯಸ್ಸಾಯಿತು. ನನ್ನ ಎರಡು ಮುಚ್ಚಳಗಳಲ್ಲಿ ಮೇಲುಗಣ್ಣಿನದು ನಂದಿಬೆಟ್ಟದ ತಿರುವಿನಲ್ಲಿ ಬಿದ್ದುಹೋಯಿತು. ಉಳಿದದ್ದು ಕೆಳಗಣ್ಣಿನದೊಂದೇ.

ಆ ಕೆಂಪು ಕಾರಿನ ಯಜಮಾನರ ಹೆಸರು ಉತ್ತಪ್ಪ. ಸೈನ್ಯದಿಂದ ನಿವೃತ್ತರಾಗಿ ಮೈಸೂರಿನ ಯಾದವಗಿರಿಯಲ್ಲಿ ಒಬ್ಬರೇ ಇದ್ದರು. ಮೊದಲ ಭೇಟಿಯಲ್ಲೇ ಗೆಳೆತನ ಕುದುರಿತ್ತು. ಆದರೂ ಇಪ್ಪತ್ತೈದು ವರ್ಷ ಅವರು ಫೋಟೋಗೆ ಮಾತ್ರ ಒಪ್ಪಲಿಲ್ಲ. "ಕಾರಿನದ್ದು ಎಷ್ಟು ಬೇಕಾದ್ರೂ ತೆಗಿ ಮಾರಾಯ. ನನ್ನ ಮೂತಿ ಯಾಕೆ?" ಎಂದು ಪಕ್ಕಕ್ಕೆ ಸರಿಯುತ್ತಿದ್ದರು.

ಎಪ್ಪತ್ತೆಂಟಕ್ಕೆ ಅವರ ಕೈ ನಡುಗತೊಡಗಿತು. ಗೇರು ಹಾಕಲು ಆಗದಾಯಿತು. ಪುಣೆಯವರೊಬ್ಬರಿಗೆ ಕಾರನ್ನು ಕೊಡುವುದೆಂದು ತೀರ್ಮಾನವಾದಾಗ ಅವರೇ ಫೋನು ಮಾಡಿದರು: "ನಾಣಿ, ನಾಳೆ ಲಾರಿ ಬರ್ತದೆ. ಆ ನಿನ್ನ ಹನ್ನೆರಡನೇ ಫೋಟೋ ಉಂಟಲ್ಲ, ಅದೊಂದು ನನಗೆ ಬೇಕು."

ಬೆಳಗ್ಗೆಯೇ ಹೋದೆವು. ನಾವು ಇಳಿಯುವುದಕ್ಕೂ ಲಾರಿ ಅಂಗಳಕ್ಕೆ ತಿರುಗುವುದಕ್ಕೂ ಸರಿಹೋಯಿತು. ಕೆಂಪು ಧೂಳೆದ್ದಿತು. ನಾಣಿ ಚಟ್ಟನೆ ಕೆಳಗಣ್ಣಿಗೆ ಮುಚ್ಚಳ ಹಾಕಿದ. ಧೂಳು ಅಡಗಿತು. ಡ್ರೈವರು, "ಬೇಗ ಮುಗಿಸಿ ಸ್ವಾಮಿ, ಬಿಸಿಲೇರಿದ್ರೆ ತಗಡು ಕಾದ್ಬಿಡತ್ತೆ," ಎಂದು ಅವಸರಿಸುತ್ತಿದ್ದ. ನಾಣಿ ತಲೆ ತಗ್ಗಿಸಿದ. ಗಾಜಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣದೆ ಏನು? ಮೇಲುಗಣ್ಣು ತೆರೆದೇ ಇತ್ತಲ್ಲ.

ಒಂದು, ಎರಡು, ಮೂರು... ನಾನು ಕೂಗಿಕೊಳ್ಳಬೇಕೆಂದಿದ್ದೆ. ನನಗಿರುವ ದನಿ ಆ ಕ್ಲಿಕ್ ಒಂದೇ, ಅದು ಎಂದಿನಂತೆಯೇ ಕೇಳಿಸಿತು. ಹನ್ನೆರಡನೆಯದಕ್ಕೆ ಉತ್ತಪ್ಪ ಕಾರು ಸ್ಟಾರ್ಟ್ ಮಾಡಿ ಇಳಿದು ನಿಂತರು. ಇಂಜಿನ್ ಕೆಮ್ಮಿ ಗುಣುಗುಟ್ಟಿತು. ನಡುಗುತ್ತಿದ್ದ ಅವರ ಕೈ ಬಾಗಿಲ ಮೇಲೆ ಕೂತು ನಿಶ್ಚಲವಾಯಿತು. ಅಂಥ ಮುಖ ನಾನು ಇನ್ನೆಲ್ಲೂ ಕಂಡಿಲ್ಲ.

ಕಾರು ಹೋಯಿತು. ಸಂಜೆ ತೊಳೆದ ಫಿಲ್ಮು ನೀರಿನಷ್ಟು ಖಾಲಿ. ನಾಣಿ ಅದನ್ನು ಕಿಟಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. ನನ್ನತ್ತ ನೋಡಿದ. ಮುಚ್ಚಳ ಹಾಗೆಯೇ ಇತ್ತು.

"ಫಿಲ್ಮು ಕೆಟ್ಟಿತ್ತು ಅಂತ ಹೇಳಿಬಿಡಿ," ಎಂದರು ಕನಕವಲ್ಲಿ, ಮೊದಲ ಬಾರಿಗೆ ಕೊಂಕಿಲ್ಲದೆ.

"ಹೇಳಬಹುದು. ಅವರು ನಂಬ್ತಾರೆ ಕೂಡ. ಅದೇ ಕಷ್ಟ."

ಮೂರು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕೊರಳಿಗೆ ಹಾಕಿಕೊಂಡು ಯಾದವಗಿರಿಗೆ ನಡೆದ. ಉತ್ತಪ್ಪ ಖಾಲಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನೆಲದ ಮೇಲೆ ಎಣ್ಣೆಯ ಕಪ್ಪು ಕಲೆಯೊಂದೇ ಉಳಿದಿತ್ತು.

"ಸಾರ್, ಮುಚ್ಚಳ ತೆಗೀಲಿಲ್ಲ ನಾನು. ಒಂದೂ ಬಂದಿಲ್ಲ."

ಉತ್ತಪ್ಪ ಎಣ್ಣೆಯ ಕಲೆಯತ್ತ ನೋಡಿದರು. ಮೀಸೆ ಅದುರಿತು. ಅಳುತ್ತಾರೇನೋ ಎಂದುಕೊಂಡೆ. ಬೈದರು.

"ಎಂಥ ಕತ್ತೆ ನೀನು! ಇಪ್ಪತ್ತೈದು ವರ್ಷ ಬೆನ್ನು ಹತ್ತಿದೆ. ಒಪ್ಪಿದ ದಿವಸ ನಿನ್ನ ಪೆಟ್ಟಿಗೆಗೆ ಟೊಪ್ಪಿ ಹಾಕಿ ಬಂದಿಯಾ?" ಆಮೇಲೆ ದನಿ ತಗ್ಗಿತು. "ಈಗ ರೋಲು ಉಂಟಾ ಅದರಲ್ಲಿ?"

"ಉಂಟು ಸಾರ್."

ಅವರು ಎದ್ದು ಶೆಡ್ಡಿನೊಳಗೆ ಹೋಗಿ ಎಣ್ಣೆಯ ಕಲೆಯ ಪಕ್ಕ ನಿಂತರು. ಬಲಗೈ ಎತ್ತಿ ಗಾಳಿಯಲ್ಲಿಟ್ಟರು. ಕಾರಿನ ಬಾಗಿಲು ಇದ್ದ ಎತ್ತರ ಆ ಕೈಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತಿತ್ತು. ನಾಣಿ ತಲೆ ತಗ್ಗಿಸಿದ. ಬೆರಳಿನಿಂದ ಕೆಳಗಣ್ಣನ್ನು ಎರಡು ಸಲ ತಡವಿ ನೋಡಿದ. ಆದರೂ ಗುಂಡಿ ಒತ್ತಲಿಲ್ಲ. ಕಾಯುತ್ತಿದ್ದ.

"ಓ, ಶಬ್ದ ಬೇಕಲ್ಲ ನಿನಗೆ," ಎಂದರು ಉತ್ತಪ್ಪ. ಆಮೇಲೆ ಆ ಎಪ್ಪತ್ತೆಂಟರ ಮನುಷ್ಯ ತುಟಿ ಕೂಡಿಸಿ ಮೊದಲು ಕೆಮ್ಮಿದರು, ಎರಡು ಸಲ, ಅವರ ಕಾರು ಕೆಮ್ಮುತ್ತಿದ್ದ ಹಾಗೆಯೇ. ಆಮೇಲೆ ಬುರ್ರ್ ಎಂದು ಒಂದೇ ಸಮನೆ ಗುಣುಗುಟ್ಟಿದರು. ಮುಖ ಸಡಿಲವಾಯಿತು. ಗಾಳಿಯಲ್ಲಿದ್ದ ಕೈಯ ನಡುಕ ನಿಂತಿತು.

ಕ್ಲಿಕ್.

ಅದೇ ನಾಣಿಯ ಕೊನೆಯ ರೋಲು. ಉತ್ತಪ್ಪ ಈಗಿಲ್ಲ. ಚಿತ್ರ ನಮ್ಮ ನಡುಮನೆಯ ಗೋಡೆಯಲ್ಲಿದೆ. ನೋಡಿದವರು, "ಏನ್ರೀ ಇದು, ಖಾಲಿ ಶೆಡ್ಡಿನಲ್ಲಿ ಯಾರೋ ನಿಂತಿದಾರೆ?" ಎನ್ನುತ್ತಾರೆ. ಕನಕವಲ್ಲಿ ಒಳಗಿನಿಂದಲೇ, "ಸರಿಯಾಗಿ ನೋಡಿ, ಕಾರು ಇದೆ," ಎನ್ನುತ್ತಾರೆ.

ನಾನು ಅದರ ಎದುರಿನ ಗಾಜಿನ ಬೀರುವಿನಲ್ಲಿದ್ದೇನೆ. ಶಟರು ಬಿಗಿದುಕೊಂಡಿದೆ. ಕಳೆದುಹೋದ ಆ ಹನ್ನೆರಡು ಚಿತ್ರಗಳು ಮೇಲುಗಣ್ಣಿನಲ್ಲಿ ಇನ್ನೂ ಉಳಿದಿವೆ ಎಂದು ಒಮ್ಮೊಮ್ಮೆ ಅನಿಸುತ್ತದೆ, ಯಾರಿಗೂ ತೋರಿಸಲಾರೆ. ಭಾನುವಾರ ನಾಣಿ ನನ್ನನ್ನು ಹೊರತೆಗೆದು ಒರೆಸುತ್ತಾನೆ. ಒಳಗೆ ಫಿಲ್ಮಿಲ್ಲ, ಅವನಿಗೆ ಗೊತ್ತು. ಆದರೂ ತಲೆ ತಗ್ಗಿಸುವ ಮೊದಲು ಅವನ ಬೆರಳು ನನ್ನ ಕೆಳಗಣ್ಣನ್ನು ತಡವುತ್ತದೆ, ಎರಡು ಸಲ.