ರೆಕ್ಕೆಯೊಳಗೆ ಮಲಗಿದ ಮರಿಗಳು

ಬೀಳಗಿಯ ಗುಡ್ಡದ ಹಳೆಯ ಗಾಳಿಯಂತ್ರಗಳನ್ನು ಕೆಳಗಿಳಿಸಿ, ರೆಕ್ಕೆಗಳನ್ನು ತುಂಡು ಮಾಡಿ ನಿವೃತ್ತ ಶಿಕ್ಷಕಿ ಕಾವೇರಿಯ ಬೀಳು ಹೊಲದಲ್ಲಿ ಇಟ್ಟಿದ್ದರು. ಲಾರಿ ಬಂದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಒಯ್ಯುವವರೆಗೆ ಮಾತ್ರ. ಒಂದೊಂದು ತುಂಡೂ ಒಳಗೆ ಟೊಳ್ಳು, ಸಣ್ಣ ಗವಿಯಂತೆ.

“ಕೊಯ್ದ ಬಾಯಿಗೆ ತಾಡಪತ್ರಿ ಕಟ್ಟೇವ್ರಿ ಅಕ್ಕಾರ. ಒಳಗ ಗಾಜಿನ ಎಳಿ ಇರತಾವ, ಮೈಯಾಗ ನಟ್ರ ಬಿಡಂಗಿಲ್ಲ. ಯಾರನ್ನೂ ಹಂತ್ಯಾಕ ಬಿಡಬ್ಯಾಡ್ರಿ,” ಎಂದು ಗುತ್ತಿಗೆದಾರನ ಕಡೆಯ ವೀರೇಶ ಹೇಳಿ ಹೋಗಿದ್ದ.

ಆ ವಾರ ಕುರಿಗಾಹಿ ದಂಪತಿ ಲಗಮಣ್ಣ, ಮಾಯವ್ವ ಅದೇ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದರು. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ಅವರಿಗೆ. ಒಂದು ಸಂಜೆ ಆಲಿಕಲ್ಲು ಮಳೆ ಬಿತ್ತು. ನಡುಗುವ ಮರಿಗಳನ್ನು ನೋಡಲಾರದೆ ಕಾವೇರಿ ತಾನೇ ತಾಡಪತ್ರಿ ಬಿಚ್ಚಿದಳು.

“ಮಾಯವ್ವ, ಮರಿ ಇದರಾಗ ಹೊಡಿ.”

“ನನ್ನ ಹೇಣ್ತಿನೂ ಒಳಗ ಹಾಕ್ರಿ ಅಕ್ಕಾರ, ಮರಿಗಿಂತ ಹೆಚ್ಚ ಒದರಾಕತ್ತಾಳ,” ಎಂದ ಲಗಮಣ್ಣ.

“ನೀ ಹೊರಗ ತೋಯ್ಸಕೋ. ಜಳಕರೆ ಆಗ್ತೈತಿ!” ಎಂದಳು ಮಾಯವ್ವ.

ನಗುವಾಗಲೇ ಕಾವೇರಿಗೆ ವೀರೇಶನ ಮಾತು ನೆನಪಾಗಿತ್ತು. ಒಂದು ರಾತ್ರಿಗೆ ಏನಾದೀತು ಎಂದು ಸುಮ್ಮನಾದಳು.

ಬೆಳಿಗ್ಗೆ ಮರಿಗಳು ಬದುವಿಗೆ ಮೈ ತಿಕ್ಕುತ್ತಿದ್ದವು. ಅವುಗಳನ್ನು ಎತ್ತಿ ಹೊರಗೆ ತಂದ ಮಾಯವ್ವನ ಮೊಳಕೈಗಳು ಕೆಂಪಾಗಿ ಬಾತಿದ್ದವು. “ಯಾವುದೋ ಹುಳ ಹರದೈತ್ರಿ,” ಎಂದಳು. ಕಾವೇರಿ ಕೊಬ್ಬರಿ ಎಣ್ಣೆ ತಂದು ಸವರಿದಳು. ಹೇಳಬೇಕಾದ್ದನ್ನು ಹೇಳಲಿಲ್ಲ.

“ನಿಮ್ಮ ಕೈ ನಮ್ಮವ್ವನ ಕೈ ಇದ್ದಂಗ ಐತ್ರಿ.”

ಮಾಯವ್ವ ಬೈದಿದ್ದರೂ ಕಾವೇರಿಗೆ ಅಷ್ಟು ನೋಯುತ್ತಿರಲಿಲ್ಲ.

ಲಗಮಣ್ಣ ಆಗಲೇ ಕತ್ತರಿ ಮಸೆದು ಕುಳಿತಿದ್ದ. ಮರಿಗಳ ಮೊದಲ ಉಣ್ಣೆ ಕುಲದೇವರು ಬೀರಪ್ಪನ ಕಂಬಳಿಗೆ ಮೀಸಲು. ಒಂದು ಮರಿಯ ಉಣ್ಣೆ ಆಗಲೇ ನೆಲದ ಮೇಲಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅದನ್ನು ಹಿಂಜುವವರು, ನೂಲುವವರು, ನೇಯುವವರು, ಕೊನೆಗೆ ಹೊದೆಯುವ ಪೂಜಾರಿ, ಎಲ್ಲರ ಮೈಗೂ ಆ ಎಳೆ ನಟ್ಟೀತು.

“ಹುಳ ಅಲ್ಲ ಮಾಯವ್ವ,” ಎಂದಳು ಕಾವೇರಿ. “ರೆಕ್ಕಿ ಒಳಗಿನ ಗಾಜಿನ ಎಳಿ. ಉಣ್ಣಿಯಾಗೂ ಕುಂತಿರತಾವ.”

ಲಗಮಣ್ಣನ ಕತ್ತರಿ ನಿಂತಿತು. “ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು. ನಿನ್ನಿನೇ ಗೊತ್ತಿತ್ತು.”

ಮಾಯವ್ವ ತನ್ನ ಕೈಗಳನ್ನೇ ನೋಡಿಕೊಂಡಳು. “ಈ ವರ್ಷದ ಕಂಬಳಿ ಹೋತು. ಬೀರಪ್ಪಗ ಏನ ಹೇಳೂಣು?”

“ನನ್ನ ಹೆಸರ ಹೇಳ್ರಿ.”

ಮರಿಗಳ ಉರಿ ಇಳಿಯಲೆಂದು ಲಗಮಣ್ಣ ಮತ್ತೆ ಕತ್ತರಿ ಆಡಿಸಿದ. ಎಲ್ಲ ಮುಗಿದ ಮೇಲೆ ಉಣ್ಣೆಯ ರಾಶಿ ತೋರಿಸಿ ಕೇಳಿದ: “ಇದನ್ನ ಎಲ್ಲಿ ಒಗಿಯೂದ್ರಿ? ಸುಟ್ರ ಹೊಗಿ. ಹೊಳಿಗಿ ಒಗದ್ರ ದನ ನೀರ ಕುಡಿತಾವ.”

“ರೆಕ್ಕಿ ಜೋಡಿ ಲಾರಿಗೆ ಹಾಕಸ್ತೇನಿ. ಅಲ್ಲೀತನಕ ನಮ್ಮ ಮನಿಯಾಗ ಇರಲಿ.”

ಕಾವೇರಿ ಚೀಲ ಬಿಚ್ಚಿ ಉಣ್ಣೆ ತುಂಬಲು ಬಗ್ಗಿದಳು. ಮಾಯವ್ವ ಅವಳ ಮುಂಗೈ ಹಿಡಿದಳು. ಗಂಡನ ಹೆಗಲ ಮೇಲಿನ ಟವೆಲ್ ಎಳೆದು, ಕಾವೇರಿಯ ಎರಡೂ ಕೈಗಳಿಗೆ ಬಿಗಿಯಾಗಿ ಸುತ್ತತೊಡಗಿದಳು.

“ಹಂಗ ಮುಟ್ಟಬ್ಯಾಡ್ರಿ ಅಕ್ಕಾರ. ಭಾಳ ಉರಿತೈತ್ರಿ.”